ಗುಂಡೀಲಿ ಮೊಸಳೆ ಇಟ್ರೆ ಅದು ಕಲೆನಾ?

ರಸ್ತೆ ಗುಂಡೀಲಿ ಮೊಸಳೆ ಗೊಂಬೆ ಇಡೋದು ಬರೀ ಪ್ರತಿಭಟನೆ ಅಲ್ವಾ, ಅದನ್ನ ಇನ್‌ಸ್ಟಲೇಶನ್ ಆರ್ಟ್ (ವಸ್ತುಗಳನ್ನ ಒಂದು ಜಾಗದಲ್ಲಿಟ್ಟು, ಆ ಜಾಗಾನೂ ಸೇರಿಸಿ ಕಟ್ಟೋ ಕಲೆ) ಅಂತ ಯಾಕೆ ಕರೀತಾರೆ ಅಂತ ಕೇಳಿದೀರಲ್ಲ, ನನ್ನ ಪ್ರಕಾರ ಎರಡೂ ಹೌದು, ಬಿಡಿಸಿ ನೋಡೋಕೇ ಆಗಲ್ಲ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಇಟ್ಟಿದ್ರಲ್ಲ, ಸುಮಾರು 20 ಕೆಜಿ ಮೊಸಳೆ, ಅದನ್ನೇ ಗ್ಯಾಲರಿಗೆ ತಗೊಂಡೋಗಿ ಬಿಳಿ ಪೀಠದ ಮೇಲಿಟ್ರೆ ಬರೀ ಗೊಂಬೆ ಅಷ್ಟೇ. ಆ ಗುಂಡಿ, ಆ ನೀರು, ಬೈಕ್ ನಿಲ್ಲಿಸಿ ನೋಡೋ ಜನ ಎಲ್ಲಾ ಸೇರಿದ್ರೇನೇ ಕೃತಿ.

ಅವರದೇ 2019ರ ಸೆಪ್ಟೆಂಬರ್‌ನ ವಿಡಿಯೋ ಇನ್ನೂ ಚೆನ್ನಾಗಿದೆ, ಅದು ಪರ್ಫಾರ್ಮೆನ್ಸ್, ಅಂದ್ರೆ ಅಲ್ಲಿ ನಟನೆಯೇ ಕೃತಿ. ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಬೇಕಿದ್ದ ಹೊತ್ತಿಗೆ ಕೆಲವೇ ದಿನ ಮುಂಚೆ, ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿ ಡ್ರೆಸ್ ಹಾಕ್ಕೊಂಡು ರಾತ್ರಿ ಹೊತ್ತು ನಿಧಾನಕ್ಕೆ ಒಂದೊಂದೇ ಹೆಜ್ಜೆ ಇಡ್ತಾರೆ, ಸುತ್ತ ಕುಳಿಗಳು, ನಾವು ಚಂದ್ರ ಅಂತಾನೇ ನಂಬಿರ್ತೀವಿ, ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹೋಗುತ್ತೆ, ನೋಡಿದ್ರೆ ಅದು ಬೆಂಗಳೂರಿನ ಗುಂಡಿ ಬಿದ್ದ ರಸ್ತೆ! ಆ ಆಟೋ ಬರೋ ಕ್ಷಣಾನೇ ನನಗೆ ಇಡೀ ಕೃತಿಯ ಜೀವ. ಚಂದ್ರನ ಕನಸು, ಬೀದಿಯ ವಾಸ್ತವ ಎರಡೂ ಒಂದೇ ಫ್ರೇಮಲ್ಲಿ ನಿಂತುಬಿಡ್ತವೆ, ಯಾವ ಭಾಷಣಾನೂ ಬೇಕಾಗಲ್ಲ.

ಜಾಗ ಅಷ್ಟು ಮುಖ್ಯನಾ ಅನ್ನೋದಾದ್ರೆ ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾ ಕಥೆ ಓದಿ. ನ್ಯೂಯಾರ್ಕ್‌ನ ಫೆಡರಲ್ ಪ್ಲಾಜಾದಲ್ಲಿ, ಅಂದ್ರೆ ಸರ್ಕಾರಿ ಕಚೇರಿಗಳ ಮುಂದಿನ ಬಯಲಲ್ಲಿ, 1981ರಲ್ಲಿ 120 ಅಡಿ ಉದ್ದದ ಉಕ್ಕಿನ ಗೋಡೆ, 'ಟಿಲ್ಟೆಡ್ ಆರ್ಕ್' ಅನ್ನೋ ಕೃತಿ, ನಿಲ್ಲಿಸಿದ್ರು. ಓಡಾಡೋಕೆ ಅಡ್ಡ ಅಂತ ಅಲ್ಲಿನ ನೌಕರರು ಜಗಳ ತೆಗೆದ್ರು, ಬೇರೆ ಕಡೆ ಇಡೋಣ ಅಂದಾಗ ಸೆರ್ರಾ ಒಪ್ಪಲೇ ಇಲ್ಲ, ಜಾಗ ಬದಲಾದ್ರೆ ಕೃತಿ ಸತ್ತ ಹಾಗೆ ಅನ್ನೋದು ಅವರ ವಾದ. 1989ರಲ್ಲಿ ಅದನ್ನ ತುಂಡು ಮಾಡಿ ತೆಗೆದ್ರು. ನಂಗೆ ನೌಕರರ ಸಿಟ್ಟೂ ಅರ್ಥ ಆಗುತ್ತೆ, ಆದ್ರೂ ಸೆರ್ರಾ ಹೇಳಿದ್ದೇ ಸರಿ ಅನ್ಸುತ್ತೆ.