ಬಹಿಷ್ಕಾರದ ಕರೆ ಕೊಟ್ಟವರು ಯಾರು?

ಪ್ರಶ್ನೆ: ಮಾನ್ಯರೇ, ಕಾಂಗ್ರೆಸ್ಸಿನ ಮಂದಗಾಮಿಗಳು ಮನವಿ ಬರೆಯುವುದರಲ್ಲೇ ಕಾಲ ಕಳೆದರು, ವಿದೇಶಿ ವಸ್ತುಗಳ ಬಹಿಷ್ಕಾರವನ್ನು ತೀವ್ರಗಾಮಿಗಳೇ ಆರಂಭಿಸಿದರು ಎಂದು ತರಗತಿಯಲ್ಲಿ ಬರೆಸಿದ್ದಾರೆ. ಇದು ಪೂರ್ತಿ ನಿಜವೇ? ನಮ್ಮೂರಿನ ಎಂ.ಎಸ್‌.ಕೆ. ಮಿಲ್‌ ಆ ಚಳವಳಿಯ ಫಲ ಎನ್ನುವುದು ಸರಿಯೇ?
– ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಪರೀಕ್ಷೆಯ ಮಟ್ಟಿಗೆ ಆ ಉತ್ತರ ನಡೆದೀತು; ಆದರೆ ಘಟನೆಗಳನ್ನು ನಡೆದ ಕ್ರಮದಲ್ಲಿ ನೋಡಿದರೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ. ವಂಗಭಂಗದ, ಅಂದರೆ ಬಂಗಾಳವನ್ನು ಎರಡಾಗಿ ಒಡೆಯುವ, ಯೋಜನೆ ಪ್ರಕಟವಾದಾಗ, 1905ರ ಜುಲೈಯಲ್ಲಿ, ಬ್ರಿಟಿಷ್‌ ಸರಕುಗಳನ್ನು ಕೊಳ್ಳಬಾರದೆಂದು ಬರೆದದ್ದು ಕೃಷ್ಣಕುಮಾರ ಮಿತ್ರರ ‘ಸಂಜೀವನಿ’ ವಾರಪತ್ರಿಕೆ. ಆಗಸ್ಟ್‌ 7ರಂದು ಕಲ್ಕತ್ತೆಯ ಟೌನ್‌ ಹಾಲಿನ ಸಭೆ ಬಹಿಷ್ಕಾರದ ನಿರ್ಣಯ ಕೈಗೊಂಡಿತು. ಸುರೇಂದ್ರನಾಥ ಬ್ಯಾನರ್ಜಿಯಂಥವರು ಊರೂರು ತಿರುಗಿ ಮ್ಯಾಂಚೆಸ್ಟರಿನ ಬಟ್ಟೆಯನ್ನೂ ಲಿವರ್‌ಪೂಲಿನ ಉಪ್ಪನ್ನೂ ಬಿಡಿರೆಂದು ಜನರನ್ನು ಕೇಳಿಕೊಂಡರು. ಮಿತ್ರರೂ ಬ್ಯಾನರ್ಜಿಯವರೂ ನಿಮ್ಮ ಪಠ್ಯದ ವಿಂಗಡಣೆಯಲ್ಲಿ ಮಂದಗಾಮಿಗಳೇ ಆಗುತ್ತಾರೆ. ಕರೆಯನ್ನು ಮನೆಮನೆಗೆ ಮುಟ್ಟಿಸಿದವರು ನಾಯಕರಷ್ಟೇ ಅಲ್ಲ. ವಿದ್ಯಾರ್ಥಿಗಳು ಅಂಗಡಿಗಳ ಮುಂದೆ ನಿಂತು ಗಿರಾಕಿಗಳನ್ನು ತಡೆಯುವ ಪಿಕೆಟಿಂಗ್‌ ಮಾಡಿದರು, ಕೆಲವೆಡೆ ಅಗಸರು ವಿಲಾಯತಿ ಬಟ್ಟೆ ಒಗೆಯಲು ಒಪ್ಪಲಿಲ್ಲ, ವಿದೇಶಿ ವಸ್ತುಗಳನ್ನು ಉಡುಗೊರೆ ಕೊಡುವ ಮದುವೆಗಳಿಗೆ ಪುರೋಹಿತರು ಬರಲಿಲ್ಲ.

ಸ್ವದೇಶಿಯ ವಿಚಾರವಂತೂ ಇದಕ್ಕಿಂತ ಹಳೆಯದು. ಪುಣೆಯ ಗಣೇಶ ವಾಸುದೇವ ಜೋಶಿ, ಜನರ ಬಾಯಲ್ಲಿ ‘ಸಾರ್ವಜನಿಕ ಕಾಕಾ’, 1877ರ ದೆಹಲಿ ದರ್ಬಾರಿಗೆ ಕೈಯಿಂದ ನೂತು ನೇಯ್ದ ಬಟ್ಟೆಯನ್ನೇ ಉಟ್ಟು ಹೋಗಿದ್ದರು. ರಾಜಮಹಾರಾಜರ ಜರತಾರಿಯ ನಡುವೆ ಆ ಒರಟು ಬಿಳಿ ಬಟ್ಟೆ ಎದ್ದು ಕಂಡಿರಲೇಬೇಕು. ದಾದಾಭಾಯಿ ನವರೋಜಿ ಭಾರತದ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುವುದನ್ನು ಅಂಕಿಅಂಶಗಳ ಸಮೇತ ವಿವರಿಸಿದ್ದರಿಂದ, ಪರದೇಶದ ಬಟ್ಟೆಗೆ ಕೊಡುವ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿತ್ತು. 1896ರಲ್ಲಿ ಸರ್ಕಾರ ಆಮದು ಬಟ್ಟೆಯ ಮೇಲಿನ ಸುಂಕವನ್ನು ಶೇ 3.5ಕ್ಕೆ ಇಳಿಸಿ, ಲ್ಯಾಂಕಾಷೈರಿನ ಗಿರಣಿಗಳಿಗೆ ಪೈಪೋಟಿ ಆಗಬಾರದೆಂದು ಅಷ್ಟೇ ಪ್ರಮಾಣದ ಉತ್ಪಾದನಾ ತೆರಿಗೆಯನ್ನು ಭಾರತದ ಗಿರಣಿ ಬಟ್ಟೆಯ ಮೇಲೂ ಹೇರಿತು. ಮನವಿಗಳ ಬೆಲೆ ಎಷ್ಟೆಂಬುದು ಹಳೆಯ ನಾಯಕರಿಗೂ ಆಗ ಅರ್ಥವಾಗಿರಬೇಕು.

ಹಾಗಾದರೆ ಭಿನ್ನಾಭಿಪ್ರಾಯ ಎಲ್ಲಿತ್ತು? ಬಹಿಷ್ಕಾರ ಎಷ್ಟು ದೂರ ಹೋಗಬೇಕು ಎಂಬುದರಲ್ಲಿ. ಮಂದಗಾಮಿಗಳ ನಾಯಕ ಗೋಖಲೆಯವರು 1905ರಲ್ಲಿ ಕಾಂಗ್ರೆಸ್ಸಿನ ಕಾಶಿ ಅಧಿವೇಶನದ ಅಧ್ಯಕ್ಷರಾಗಿ ಬಂಗಾಳದ ಬಹಿಷ್ಕಾರವನ್ನು ಸಮರ್ಥಿಸಿದರು. ಆದರೆ ಎದುರಾಳಿಗೆ ಪೆಟ್ಟು ಕೊಡುವ ಉದ್ದೇಶ ಅದರಲ್ಲಿ ಇರುವುದರಿಂದ ತೀರ ವಿಷಮ ಸಂದರ್ಭದಲ್ಲಿ ಮಾತ್ರ ಬಳಸಬೇಕೆಂದರು. ತಿಲಕ್‌, ಬಿಪಿನ್‌ಚಂದ್ರ ಪಾಲ್‌, ಲಾಲಾ ಲಜಪತರಾಯ್‌, ಅರವಿಂದರು, ಅಂದರೆ ತೀವ್ರಗಾಮಿಗಳು, ಅದನ್ನು ದೇಶದಾದ್ಯಂತ ಹಬ್ಬಿಸಿ, ಸರ್ಕಾರಿ ಶಾಲೆ, ಕೋರ್ಟು, ನೌಕರಿಗಳಿಗೂ ಅನ್ವಯಿಸಬೇಕೆಂದು ವಾದಿಸಿದರು. 1906ರಲ್ಲಿ ಕಲ್ಕತ್ತೆಯಲ್ಲಿ ಹೇಗೋ ಹೊಂದಾಣಿಕೆಯಾಯಿತು, 1907ರಲ್ಲಿ ಸೂರತ್ತಿನಲ್ಲಿ ಪಕ್ಷ ಒಡೆಯಿತು. ನನ್ನ ದೃಷ್ಟಿಯಲ್ಲಿ ಗೋಖಲೆಯವರದು ಅಂಜುಬುರುಕತನವಲ್ಲ, ಅಸ್ತ್ರವನ್ನು ಅಳೆದು ಬಳಸುವ ಲೆಕ್ಕಾಚಾರ. ಆ ಲೆಕ್ಕ ತಪ್ಪಿತ್ತೆಂದು ಬೇಕಾದರೆ ವಾದಿಸಬಹುದು.

ಇನ್ನು ಎಂ.ಎಸ್‌.ಕೆ. ಮಿಲ್‌, ಅಂದರೆ ಮೆಹಬೂಬ್‌ ಶಾಹಿ ಕಲಬುರಗಿ ಮಿಲ್‌, ವಂಗಭಂಗಕ್ಕೆ ಮುನ್ನ 19ನೆಯ ಶತಮಾನದಲ್ಲೇ ಶುರುವಾದದ್ದು. ಹೆಸರೇ ಆರನೆಯ ನಿಜಾಮ ಮೀರ್‌ ಮೆಹಬೂಬ್‌ ಅಲಿ ಖಾನರನ್ನು ನೆನಪಿಸುತ್ತದೆ. ಅದನ್ನು ಚಳವಳಿಯ ಲೆಕ್ಕಕ್ಕೆ ಸೇರಿಸಲಾಗದು.

ಪ್ರಶ್ನೆ: ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತಲ್ಲ, ಇಲ್ಲಿ ಬಹಿಷ್ಕಾರಕ್ಕೆ ಅರ್ಥವಿತ್ತೇ?
– ನಿವೃತ್ತ ಶಿಕ್ಷಕರು, ಬೀದರ್‌

ಉತ್ತರ: ಆಡಳಿತ ಬೇರೆಯಾದರೂ ಮಾರುಕಟ್ಟೆ ಬೇರೆ ಇರಲಿಲ್ಲ. 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮುಂಬೈ–ಮದ್ರಾಸ್‌ ರೈಲು ಮಾರ್ಗ ಕಲಬುರಗಿ, ಯಾದಗಿರಿಗಳ ಮೂಲಕವೇ ಹಾದುಹೋಗುತ್ತಿದ್ದುದರಿಂದ ಬಂದರಿನ ಸರಕು ಇಲ್ಲಿಯ ಪೇಟೆಗೂ ಸಲೀಸಾಗಿ ತಲುಪಬಹುದಿತ್ತು. ಆದರೆ ಬಂಗಾಳದಂತೆ ಬಹಿರಂಗವಾಗಿ ಸಂಘಟಿತರಾಗಲು ಸಂಸ್ಥಾನದಲ್ಲಿ ಅವಕಾಶ ಕಡಿಮೆ. ಹೈದರಾಬಾದ್‌ ಸ್ಟೇಟ್‌ ಕಾಂಗ್ರೆಸ್‌ ರೂಪುಗೊಳ್ಳಲು 1938ರವರೆಗೆ ಕಾಯಬೇಕಾಯಿತು, ಅದನ್ನೂ ನಿಜಾಮ್‌ ಸರ್ಕಾರ ಅದೇ ವರ್ಷ ನಿಷೇಧಿಸಿತು.