ಪುರಾಣದ ಪ್ರಾಣಿಗಳ ಟ್ಯಾರೋ: ಯಾವ ಕಟ್ಟು ಕೊಳ್ಳೋಣ?

ಪ್ರಶ್ನೆ: ಚಿತ್ರದ ಎಲೆಗಳಿಂದ ಭವಿಷ್ಯ ನೋಡುವ ಟ್ಯಾರೋ ಹೊಸದಾಗಿ ಕಲಿಯಲು ಹೊರಟಿದ್ದೇನೆ. ಡ್ರ್ಯಾಗನ್, ಫೀನಿಕ್ಸ್, ಗ್ರಿಫಿನ್, ಮತ್ಸ್ಯಕನ್ಯೆ ಅಂತ ಪುರಾಣದ ಪ್ರಾಣಿಗಳ ಚಿತ್ರವಿರುವ ಡೆಕ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನೋಡಿದ್ದೆಲ್ಲ ಚಂದವೇ ಕಾಣುತ್ತದೆ. ಮೊದಲ ಡೆಕ್ಕೇ ಇಂಥದ್ದಾದರೆ ತೊಂದರೆಯೇ? ಆರಿಸುವುದು ಹೇಗೆ?
– ಓದುಗರು, ಸಾಗರ

ಉತ್ತರ: ತೊಂದರೆಯೇನೂ ಇಲ್ಲ. ಆದರೆ ಮಾರುವವರು ಮುಂದಿಟ್ಟ ಐದಾರು ಎಲೆ ನೋಡಿ ಮರುಳಾಗಬೇಡಿ. ಅವರು ತೋರಿಸುವುದು ಹೆಚ್ಚಾಗಿ ಡೆತ್, ಮೂನ್, ಸ್ಟಾರ್‌ನಂಥ ಮೇಜರ್ ಅರ್ಕಾನಾದ ಎಲೆಗಳನ್ನು. ಪೂರ್ತಿ ಕಟ್ಟಿನಲ್ಲಿ 78 ಎಲೆ ಇರುತ್ತವೆ: ಒಂದೊಂದಕ್ಕೂ ತನ್ನದೇ ಹೆಸರಿರುವ ಮೇಜರ್ 22, ವಾಂಡ್ಸ್ (ಕೋಲು), ಕಪ್ಸ್ (ಬಟ್ಟಲು), ಸ್ವೋರ್ಡ್ಸ್ (ಕತ್ತಿ), ಪೆಂಟಕಲ್ಸ್ (ನಾಣ್ಯ) ಎಂಬ ನಾಲ್ಕು ಪಂಗಡಗಳ ಮೈನರ್ 56. ಕಲೆಸಿ ಹತ್ತು ಎಲೆ ಎತ್ತಿದರೆ ಸರಾಸರಿ ಏಳು ಮೈನರ್ ಬರುತ್ತವೆ. ದಿನಬೆಳಗಾದರೆ ಕೈಗೆ ಸಿಗುವುದು ಅವೇ ಆದ್ದರಿಂದ ಮೊದಲು ಅವನ್ನೇ ನೋಡಿ.

ಅದಕ್ಕೂ ಮುಂಚೆ ಎಲೆಗಳ ಲೆಕ್ಕ ಓದಿ. 36, 44, 50 ಎಂದೇನಾದರೂ ಬರೆದಿದ್ದರೆ ಅದು ಬೇರೆ ಜಾತಿಯ ಕಟ್ಟು, ಹೆಚ್ಚಾಗಿ ಒರಾಕಲ್ ಎಂಬುದು. ಒರಾಕಲ್ ಡೆಕ್‌ಗೆ ಇಂತಿಷ್ಟೇ ಎಲೆ ಎಂಬ ನಿಯಮವಿಲ್ಲ, ಅರ್ಥವನ್ನೂ ಮಾಡಿದವರೇ ಕೊಟ್ಟಿರುತ್ತಾರೆ. ಅದು ಕೀಳೆಂದಲ್ಲ, ಆದರೆ ಟ್ಯಾರೋ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕಲಿಯಲು ಅದರಿಂದಾಗದು. 22 ಎಂದಿದ್ದರೆ ಮೇಜರ್ ಮಾತ್ರ.

ಲೆಕ್ಕ ಸರಿಯಿದ್ದರೆ ಮೈನರ್ ಎಲೆಗಳಲ್ಲಿ ಏನು ನಡೆಯುತ್ತಿದೆ ನೋಡಿ. ಈಗಿನ ಬಹುತೇಕ ಕಲಿಕೆಯ ಪುಸ್ತಕಗಳು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ರೈಡರ್ ವೇಟ್ ಡೆಕ್ಕನ್ನು ಆಧರಿಸಿವೆ. ಅದರ ಚಿತ್ರಗಳನ್ನು ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಸಂಖ್ಯೆಯ ಎಲೆಗಳಿಗೂ ಒಂದೊಂದು ಸನ್ನಿವೇಶ ಕೊಟ್ಟರು. ಫ್ರಾನ್ಸಿನ ಹಳೆಯ ಮಾರ್ಸೇ ಪದ್ಧತಿಯಲ್ಲಿ ಹಾಗಿಲ್ಲ, ಐದರ ಎಲೆಯೆಂದರೆ ಐದು ಬಟ್ಟಲು, ಅಷ್ಟೇ. ಪ್ರಾಣಿಗಳ ಡೆಕ್‌ಗಳಲ್ಲಿ ಪೆಟ್ಟು ತಿನ್ನುವುದು ಇಲ್ಲೇ. ಮೂಲದ ಎಲೆಯಲ್ಲಿ ಮನುಷ್ಯ ಏನೋ ಮಾಡುತ್ತಿರುತ್ತಾನೆ, ಆ ಕೆಲಸವೇ ಎಲೆಯ ಅರ್ಥ. ಮನುಷ್ಯನನ್ನು ತೆಗೆದು ಡ್ರ್ಯಾಗನ್ ಕೂರಿಸಿದಾಗ ಕೆಲಸವೂ ಹೊರಟುಹೋದರೆ ಉಳಿಯುವುದು ಬರೀ ಅಲಂಕಾರ.

ಪರೀಕ್ಷೆಗೆ ಐದು ಎಲೆ ಸಾಕು. ಫೈವ್ ಆಫ್ ಕಪ್ಸ್: ಮೂಲದಲ್ಲಿ ಕಪ್ಪು ನಿಲುವಂಗಿಯವನು ತಲೆ ತಗ್ಗಿಸಿ ನಿಂತಿದ್ದಾನೆ. ಮುಂದೆ ಮೂರು ಬಟ್ಟಲು ಉರುಳಿವೆ, ಬೆನ್ನ ಹಿಂದೆ ಎರಡು ನೆಟ್ಟಗಿವೆ. ನಿಮ್ಮ ಡೆಕ್‌ನಲ್ಲಿ ಯಾವ ಪ್ರಾಣಿಯಾದರೂ ಇರಲಿ, ಕಳೆದುಹೋದದ್ದೂ ಕಾಣಬೇಕು, ಉಳಿದದ್ದೂ ಕಾಣಬೇಕು. ಏಟ್ ಆಫ್ ಸ್ವೋರ್ಡ್ಸ್: ಹೆಣ್ಣೊಬ್ಬಳ ಕಣ್ಣಿಗೆ ಪಟ್ಟಿ, ಮೈಗೆ ಕಟ್ಟು, ಸುತ್ತ ಎಂಟು ಕತ್ತಿ. ಆದರೆ ಕತ್ತಿಗಳ ನಡುವೆ ದಾರಿ ಇದೆ, ಅವಳಿಗೆ ಕಾಣುತ್ತಿಲ್ಲ. ಅದೇ ಎಲೆಯಲ್ಲಿ ಫೀನಿಕ್ಸ್ ರೆಕ್ಕೆ ಬಿಚ್ಚಿ ಹಾಯಾಗಿ ಹಾರುತ್ತಿದ್ದರೆ ಅರ್ಥವೇ ತಲೆಕೆಳಗು. ಟೆನ್ ಆಫ್ ವಾಂಡ್ಸ್‌ನಲ್ಲಿ ಸೊಪ್ಪಿನ ಹೊರೆ ಹೊತ್ತವರ ಹಾಗೆ ಬೆನ್ನು ಬಾಗಿರಬೇಕು. ಸಿಕ್ಸ್ ಆಫ್ ಸ್ವೋರ್ಡ್ಸ್‌ನಲ್ಲಿ ಈ ದಡದಿಂದ ಆ ದಡಕ್ಕೆ ದೋಣಿ ಸಾಗಬೇಕು. ತ್ರೀ ಆಫ್ ಪೆಂಟಕಲ್ಸ್‌ನಲ್ಲಿ ಒಬ್ಬನ ಕಸುಬು, ಉಳಿದವರ ಸಲಹೆ ಒಂದು ಕಡೆ ಸೇರಿರಬೇಕು. ಡೆಕ್ ಜೊತೆ ಬರುವ ಕಿರುಹೊತ್ತಿಗೆ ತೆರೆಯದೆ ಈ ಐದರಲ್ಲಿ ಮೂರಾದರೂ ಅರ್ಥವಾದರೆ ಕೊಳ್ಳಿ. ಒಂದೂ ಆಗದಿದ್ದರೆ ಎಷ್ಟೇ ಚಂದವಿರಲಿ, ಬಿಡಿ.

ಆಮೇಲೆ 16 ಕೋರ್ಟ್ ಎಲೆಗಳು: ಪೇಜ್, ನೈಟ್, ಕ್ವೀನ್, ಕಿಂಗ್, ನಾಲ್ಕು ಪಂಗಡದಲ್ಲೂ. ನಾಲ್ಕು ಡ್ರ್ಯಾಗನ್ ಬರೆದು ಕೆಳಗೆ ಹೆಸರು ಮಾತ್ರ ಬದಲಿಸಿದ ಡೆಕ್‌ಗಳಿವೆ. ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ. ಮರಿ ಯಾವುದು, ನುಗ್ಗುವುದು ಯಾವುದು, ಕೂತು ಆಳುವುದು ಯಾವುದು ತಿಳಿಯುತ್ತಿಲ್ಲವೆಂದರೆ ಓದುವಾಗ ಪ್ರತಿ ಸಲವೂ ತಡವರಿಸುತ್ತೀರಿ. ಇನ್ನೊಂದು ಸಣ್ಣ ವಿಷಯ: ಮಾರ್ಸೇ ಕ್ರಮದಲ್ಲಿ 8 ಜಸ್ಟಿಸ್, 11 ಸ್ಟ್ರೆಂತ್. ರೈಡರ್ ವೇಟ್‌ನಲ್ಲಿ ಅದಲುಬದಲು. ಅದನ್ನು ಅಚ್ಚಿನ ತಪ್ಪೆಂದು ಹಿಂತಿರುಗಿಸಬೇಡಿ.

ಪ್ರಶ್ನೆ: ವಿದೇಶಿ ಪ್ರಾಣಿಗಳ ಕತೆ ನನಗೆ ಅಷ್ಟು ಗೊತ್ತಿಲ್ಲ. ನಮ್ಮ ಗಂಡಭೇರುಂಡ, ಶರಭ, ಮಕರಗಳನ್ನೇ ಇಟ್ಟುಕೊಂಡು ಓದಬಹುದೇ? ದಶಾವತಾರದ ಗಂಜೀಫಾ ಎಲೆಗಳನ್ನೇ ಟ್ಯಾರೋ ಮಾಡಿಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಗಂಜೀಫಾ ವಿಷಯ ಮೊದಲು ಮುಗಿಸೋಣ. ದಶಾವತಾರ ಗಂಜೀಫಾದಲ್ಲಿ ಹತ್ತು ಪಂಗಡ, ಒಂದೊಂದರಲ್ಲಿ 12 ಎಲೆ, ಒಟ್ಟು 120. ರಾಜ, ಮಂತ್ರಿ, ಒಂದರಿಂದ ಹತ್ತು. ಮೇಜರ್ ಇಲ್ಲ, ರಾಣಿ ಇಲ್ಲ, ನಾಲ್ಕು ಪಂಗಡದ ಲೆಕ್ಕವೂ ಇಲ್ಲ. ದುಂಡನೆಯ ಎಲೆಯಾದ್ದರಿಂದ ನೆಟ್ಟಗೆ ಬಿತ್ತೋ ತಲೆಕೆಳಗಾಗಿ ಬಿತ್ತೋ ಎಂದು ಹೇಳುವುದೂ ಕಷ್ಟ. ಅದು ಆಟದ ಕಟ್ಟು, ಅದರ ಪಾಡಿಗೆ ಅದು ದೊಡ್ಡ ಕಲೆ. ಟ್ಯಾರೋ ಕೂಡ 15ನೇ ಶತಮಾನದ ಉತ್ತರ ಇಟಲಿಯಲ್ಲಿ ಆಟದ ಎಲೆಯಾಗಿಯೇ ಹುಟ್ಟಿತು, ಭವಿಷ್ಯ ನೋಡುವ ರೂಢಿ ಬೆಳೆದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಹಾಗೆಂದು ಎರಡರ ಲೆಕ್ಕ ಹೊಂದುವುದಿಲ್ಲ.

ನಮ್ಮ ಪ್ರಾಣಿಗಳನ್ನು ಜೋಡಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಮೊದಲು ಪಂಗಡಗಳ ತತ್ತ್ವ ನೆನಪಿಡಿ: ವಾಂಡ್ಸ್ ಬೆಂಕಿ, ಕಪ್ಸ್ ನೀರು, ಸ್ವೋರ್ಡ್ಸ್ ಗಾಳಿ, ಪೆಂಟಕಲ್ಸ್ ಮಣ್ಣು. ಯುರೋಪಿನಲ್ಲಿ 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಬೆಂಕಿಗೆ ಹಲ್ಲಿಯಂಥ ಸಾಲಮ್ಯಾಂಡರ್, ನೀರಿಗೆ ಅಂಡೈನ್, ಗಾಳಿಗೆ ಸಿಲ್ಫ್, ಮಣ್ಣಿಗೆ ನೋಮ್ ಎಂದು ಕಲ್ಪನೆಯ ಜೀವಿಗಳನ್ನು ಹಂಚಿದ. ರೈಡರ್ ವೇಟ್‌ನ ಕಿಂಗ್ ಆಫ್ ವಾಂಡ್ಸ್‌ನ ಪಕ್ಕ ಕಣ್ಣಿಟ್ಟು ನೋಡಿದರೆ ಪುಟ್ಟ ಸಾಲಮ್ಯಾಂಡರ್ ಸಿಗುತ್ತದೆ. ಮಕರ ಗಂಗೆಯ ವಾಹನ, ವರುಣನ ವಾಹನ, ಕಪ್ಸ್‌ಗೆ ಸಲೀಸಾಗಿ ಕೂರುತ್ತದೆ. ಡ್ರ್ಯಾಗನ್ ವಿಷಯದಲ್ಲಿ ಎಚ್ಚರ: ಯುರೋಪಿನದು ಬೆಂಕಿ ಉಗುಳುತ್ತಾ ನಿಧಿ ಕಾಯುತ್ತದೆ, ಚೀನಾದ್ದು ಮಳೆ ಸುರಿಸುವ ಶುಭದ ಪ್ರಾಣಿ. ಉದ್ದ ಮೈಯ, ರೆಕ್ಕೆಯಿಲ್ಲದ ಚೀನಾ ಡ್ರ್ಯಾಗನ್ ವಾಂಡ್ಸ್‌ನಲ್ಲಿದ್ದರೆ ಡೆಕ್ ಮಾಡಿದವರು ಕತೆ ಓದದೆ ಚಿತ್ರ ಮಾತ್ರ ಎತ್ತಿಕೊಂಡಿದ್ದಾರೋ ಎಂದು ಅನುಮಾನಿಸಬಹುದು.

ಬಳ್ಳಿಗಾವೆಯ ಭೇರುಂಡೇಶ್ವರ ಕಂಬ 1047ರದು. ಅದರ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿ ಛಾವಣಿ ನೋಡಿದರೆ ಇನ್ನೊಂದು ಗಂಡಭೇರುಂಡ ಸಿಗುತ್ತದೆ. ಎರಡು ತಲೆ ಎರಡು ದಿಕ್ಕಿಗೆ ನೋಡಿದರೂ ಮೈ ಒಂದೇ. ಈ ರೂಪ ಚಾರಿಯಟ್ ಎಲೆಗೆ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಸಿಂಹದ ಮೈ, ಮನುಷ್ಯನ ತಲೆಯ ಕಪ್ಪು, ಬಿಳಿ ಎರಡು ಸ್ಫಿಂಕ್ಸ್‌ಗಳಿವೆ, ಸಾರಥಿಯ ಕೈಯಲ್ಲಿ ಕಡಿವಾಣವಿಲ್ಲ, ಮನಸ್ಸಿನ ಬಲದಿಂದಲೇ ರಥ ಸಾಗಬೇಕು. ಶರಭವನ್ನು ಮಾತ್ರ ಸ್ಟ್ರೆಂತ್ ಎಲೆಗೆ ಹಾಕಬೇಡಿ, ಹಲವರು ಹಾಕುತ್ತಾರೆ. ನರಸಿಂಹನ ಉಗ್ರಕೋಪವನ್ನು ಅಡಗಿಸಿದ ಶಿವನ ರೂಪ ಅದು. ಸ್ಟ್ರೆಂತ್‌ನಲ್ಲಿ ಹೆಣ್ಣೊಬ್ಬಳು ಸಿಂಹದ ಬಾಯನ್ನು ಮೆಲ್ಲಗೆ ಹಿಡಿದಿದ್ದಾಳೆ. ಒಂದು ಮೇಲುಗೈ, ಇನ್ನೊಂದು ಸಮಾಧಾನ.

ಇವನ್ನೆಲ್ಲ 78 ಪುಟದ ಒಂದು ನೋಟ್‌ಬುಕ್‌ನಲ್ಲಿ ಎಲೆಗೊಂದು ಪುಟದಂತೆ ಬರೆದಿಡಿ. ಎಲೆಯ ಮೇಲೆ ಚೀಟಿ ಅಂಟಿಸಬೇಡಿ. ಅಂಟಿಸಿದ ಎಲೆ ದಪ್ಪಗಾಗಿ, ಕಲೆಸುವಾಗ ಕೈಗೇ ಗುರುತು ಸಿಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾಗಬನದ ಪೂಜೆ ನಡೆದು ಬಂದಿದೆ. ಹಾವಿನ, ನಾಗಕನ್ಯೆಯ ಎಲೆಗಳನ್ನು ಚಾಪೆಯ ಮೇಲೆ ಹರಡುವುದು ಅತ್ತೆಯವರಿಗೆ ಸರಿಬರುತ್ತಿಲ್ಲ. ಏನು ಮಾಡಲಿ? ಮೊದಲ ಡೆಕ್ಕನ್ನು ಯಾರಾದರೂ ಉಡುಗೊರೆಯಾಗಿ ಕೊಡಬೇಕಂತೆ, ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅತ್ತೆಯವರ ಮಾತಿಗೆ ಬೆಲೆ ಕೊಡಿ, ಅದಕ್ಕಾಗಿ ಟ್ಯಾರೋ ಬಿಡಬೇಕಾಗಿಲ್ಲ. ಕೊಳ್ಳುವ ಮುಂಚೆ 78 ಎಲೆಗಳ ಪಟ್ಟಿ ಅಥವಾ ಪೂರ್ತಿ ಹರಡಿದ ಚಿತ್ರ ಕೇಳಿ. ನಾಗ, ಗರುಡ, ಕಾಮಧೇನುವಿನಂಥ ಪೂಜೆಯ ರೂಪಗಳಿಲ್ಲದ, ಯೂನಿಕಾರ್ನ್, ಗ್ರಿಫಿನ್‌ಗಳೇ ಇರುವ ಡೆಕ್ ಆರಿಸಿ. ರೈಡರ್ ವೇಟ್‌ನಲ್ಲೂ ವ್ಹೀಲ್ ಆಫ್ ಫಾರ್ಚೂನ್‌ನ ಪಕ್ಕದಲ್ಲಿ ಒಂದು ಹಾವಿದೆ, ಮೊದಲೇ ತಿಳಿದಿರಲಿ. ನೆಲದ ಬದಲು ಮೇಜಿನ ಮೇಲೆ ಬಟ್ಟೆ ಹಾಸಿ ಎಲೆ ಹರಡಿ. ಮೂರು ಎಲೆಗೆ ಎರಡಡಿ ಅಗಲ ಸಾಕು, ಹತ್ತು ಎಲೆಗೆ ಮೂರಡಿ ಬೇಕು.

ಉಡುಗೊರೆಯ ಮಾತಿಗೆ ಆಧಾರವಿಲ್ಲ. ನಿಮ್ಮ ಕೈಗೆ ಒಗ್ಗುವುದನ್ನು ನೀವೇ ಆರಿಸಿ ಕೊಳ್ಳಿ. ಎಲೆಯ ಸಾಮಾನ್ಯ ಅಳತೆ 70 ಮಿ.ಮೀ. ಅಗಲ, 120 ಮಿ.ಮೀ. ಉದ್ದ. ಇಸ್ಪೀಟಿನ ಎಲೆ 63ಕ್ಕೆ 88. ಸಣ್ಣ ಕೈಯವರಿಗೆ 120 ಉದ್ದವಾಯಿತೆನಿಸಿದರೆ ಚಿಕ್ಕ ಅಳತೆಯ ಮುದ್ರಣ ಇದೆಯೇ ನೋಡಿ, ಆದರೆ ಪ್ರಾಣಿಗಳ ಚಿತ್ರದಲ್ಲಿ ಕುಸುರಿ ಹೆಚ್ಚು, ಕುಗ್ಗಿಸಿದಾಗ ಅದೇ ಮಾಯವಾಗುತ್ತದೆ. ಕಪ್ಪು ಅಂಚಿನ ಡೆಕ್ ಹೊಸದರಲ್ಲಿ ಚಂದ, ಬಳಸಿದಂತೆ ಅಂಚು ಬೆಳ್ಳಗೆ ಸವೆದು ಎದ್ದು ಕಾಣುತ್ತದೆ. ಎಲ್ಲೂ ಇಲ್ಲದಷ್ಟು ಅಗ್ಗಕ್ಕೆ ಸಿಕ್ಕರೆ ನಕಲಿಯೆಂದು ಶಂಕಿಸಿ: ಹೊತ್ತಿಗೆಯ ಬದಲು ಬರೀ ಕ್ಯೂಆರ್ ಕೋಡ್, ಮಸುಕು ಅಚ್ಚು, ಒಂದೆಡೆ ಕತ್ತರಿಸಿಹೋದ ಅಂಚು, ಬೆನ್ನಿನ ಬಣ್ಣದಲ್ಲಿ ಎಲೆಯಿಂದ ಎಲೆಗೆ ವ್ಯತ್ಯಾಸ.

ಪ್ರಶ್ನೆ: ಮಳೆಗಾಲ ಹಿಡಿದ ಮೇಲೆ ನನ್ನ ಡೆಕ್ ದೋಣಿಯ ಹಾಗೆ ಬಾಗಿದೆ, ಎಲೆಗಳು ಒಂದಕ್ಕೊಂದು ಅಂಟುತ್ತಿವೆ, ಮೂಲೆಯಲ್ಲಿ ಬೂಷ್ಟಿನ ವಾಸನೆ. ಉಪ್ಪಿನಲ್ಲಿಟ್ಟು ಶುದ್ಧಿ ಮಾಡಿದ್ದೆ, ಲೋಬಾನದ ಹೊಗೆಯನ್ನೂ ಹಾಕಿದ್ದೆ.
– ಓದುಗರು, ಹೊಸನಗರ

ಉತ್ತರ: ಹೆಚ್ಚು ಹಾಳು ಮಾಡಿದ್ದು ಉಪ್ಪು. ಆರ್ದ್ರೆಯಿಂದ ಮಘೆಯವರೆಗೆ ನಮ್ಮ ಕಡೆ ಅಡುಗೆಮನೆಯ ಉಪ್ಪೇ ನೀರಾಗುತ್ತದೆ. ಅದು ಗಾಳಿಯ ಥಂಡಿ ಎಳೆದು ಎಲೆಗೆ ದಾಟಿಸಿತು. ಎಲೆಯೆಂದರೆ ಒಳಗೆ ರಟ್ಟು, ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಇಲ್ಲವೇ ವಾರ್ನಿಷ್. ಥಂಡಿ ಒಳಹೋಗುವುದು ಹೆಚ್ಚಾಗಿ ಕತ್ತರಿಸಿದ ಅಂಚಿನಿಂದ. ಒಂದು ಬದಿ ಹೆಚ್ಚು ಹೀರಿದರೆ ಎಲೆ ಬಾಗುತ್ತದೆ. ಲೋಬಾನದ ಹೊಗೆ ಜಿಡ್ಡು ಕೂರಿಸಿ ಅಂಟು ಹೆಚ್ಚಿಸುತ್ತದೆ. ಬೆಳದಿಂಗಳಲ್ಲಿ ಹೊರಗಿಡುವವರೂ ಇದ್ದಾರೆ, ನಮ್ಮ ಇಬ್ಬನಿಯಲ್ಲಿ ಅದೂ ಬೇಡ. ಪೌಡರ್ ಉದುರಿಸಿದರೆ ಅದು ಗಂಟುಗಟ್ಟುತ್ತದೆ.

ಈಗ ಮಾಡಬೇಕಾದದ್ದು: ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಒಣ ಹತ್ತಿಬಟ್ಟೆಯಿಂದ ಎರಡೂ ಬದಿ ಒರೆಸಿ. ಬೂಷ್ಟು ಕಂಡ ಎಲೆಗಳನ್ನು ಬೇರೆಯಿಡಿ. ಹಪ್ಪಳ ತುಂಬಿಡುವಂಥ ಗಾಳಿಯಾಡದ ಡಬ್ಬಿಯಲ್ಲಿ ಥಂಡಿ ಹೀರುವ 10 ಗ್ರಾಂ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಹಾಕಿ, ಕಟ್ಟನ್ನು ಸಡಿಲವಾಗಿ ಇಟ್ಟು ಎರಡು ದಿನ ಮುಚ್ಚಿ. ಬಣ್ಣ ಬದಲಿಸುವ ಕಿತ್ತಳೆ ಹರಳು ತನ್ನಿ, ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ. ಎರಡು ದಿನದ ನಂತರ ಕಟ್ಟನ್ನು ಸಮ ಮಾಡಿ, ಎರಡು ಮರದ ಹಲಗೆಯ ನಡುವೆ ಇಟ್ಟು, ಮೇಲೆ ನಾಲ್ಕೈದು ಕಿಲೋ ಭಾರ ಹೇರಿ ಇನ್ನೆರಡು ದಿನ ಬಿಡಿ. ಒಣಗಿಸದೆ ಭಾರ ಹೇರಿದರೆ ಎಲೆಗಳು ಅಂಟಿಕೊಂಡು, ಬಿಡಿಸುವಾಗ ಚಿತ್ರವೇ ಸಿಪ್ಪೆಯೇಳುತ್ತದೆ.

ಬಿಸಿಲಿಗೆ ಒಡ್ಡಬೇಡಿ. ಮೇಲಿನ ಬದಿ ಬೇಗ ಒಣಗಿ ಎಲೆ ಇನ್ನೊಂದು ಕಡೆಗೆ ಬಾಗುತ್ತದೆ, ಬಣ್ಣವೂ ಹೋಗುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಟ್ಟರೆ ಹೊಗೆ ಹಿಡಿಯುತ್ತದೆ. ವೆಲ್ವೆಟ್ ಚೀಲ ದೀಪಾವಳಿ ಕಳೆದ ಮೇಲೆ ತೆಗೆಯಿರಿ, ಅಲ್ಲಿಯವರೆಗೆ ಡಬ್ಬಿಯೇ ಸರಿ. ಮುಂದೆ ಇನ್ನೊಂದು ಡೆಕ್ ಕೊಳ್ಳುವಾಗ ನುಣ್ಣಗೆ ಹೊಳೆಯುವ ಗ್ಲಾಸಿ ಫಿನಿಶ್‌ಗಿಂತ ಬಟ್ಟೆಯ ನೇಯ್ಗೆಯಂತೆ ಒತ್ತಿದ ಲಿನನ್ ಫಿನಿಶ್ ನೋಡಿ. ಆ ಸಣ್ಣ ತಗ್ಗುಗಳಲ್ಲಿ ಗಾಳಿ ನಿಲ್ಲುವುದರಿಂದ ಎಲೆಗಳು ಜಾರುತ್ತವೆ. ಚಿನ್ನದ ಬಣ್ಣದ ಅಂಚಿದ್ದರೆ ಮೊದಲ ದಿನವೇ 78ನ್ನೂ ಒಂದೊಂದಾಗಿ ಬಿಡಿಸಿ. ಹಾಗೇ ಕಲೆಸಲು ಹೋದರೆ ಅಂಚಿನ ಬಣ್ಣ ಚಕ್ಕೆಯೇಳುತ್ತದೆ.