ಮಾತಾಡುವ ತೂಕದ ಯಂತ್ರಕ್ಕೆ ಯಾವ ಪದ ರೆಕಾರ್ಡ್ ಮಾಡಲಿ?

ಪ್ರಶ್ನೆ: ಮೇಡಂ, ನಮ್ಮ ತೋಟದಲ್ಲಿ ಕಾಫಿ ಹಣ್ಣು ತೂಗುವ ಯಂತ್ರ ತೂಕವನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಹೇಳುವಂತೆ ಮಾಡುತ್ತಿದ್ದೇನೆ. ಸಂಖ್ಯೆಗಳ ತುಣುಕು ಜೋಡಿಸಿದರೆ ಕನ್ನಡ ತಡವರಿಸುತ್ತದೆ. ಏಕೆ?
– ಓದುಗ, ಮೂಡಿಗೆರೆ

ಉತ್ತರ: ಇಂಗ್ಲಿಷಿನ ಅಳತೆಗೆ ಕನ್ನಡವನ್ನು ಕತ್ತರಿಸಿದ್ದೀರಿ, ಅದಕ್ಕೆ. ಇಂಗ್ಲಿಷಿನಲ್ಲಿ 1ರಿಂದ 19, ಆಮೇಲೆ 20, 30 ಹೀಗೆ 90ರವರೆಗೆ, ಒಟ್ಟು 27 ತುಣುಕಿದ್ದರೆ 99ರ ತನಕ ಹೇಳಿಸಬಹುದು. ನಮ್ಮಲ್ಲಿ ‘ಇಪ್ಪತ್ತು’, ‘ಎರಡು’ ಬೆಸೆದು ‘ಇಪ್ಪತ್ತೆರಡು’ ಆದಾಗ ನಡುವಿನ ಉಕಾರ ಬಿದ್ದುಹೋಗುತ್ತದೆ. ಕತ್ತರಿ ಹಾಕಲು ಜಾಗವೇ ಇಲ್ಲ. 1ರಿಂದ 99 ಪೂರ್ತಿ ಓದಿಸಿಬಿಡಿ. ಹಿಂದಿಗೂ ಅಷ್ಟೇ. ‘ಇನ್ನೂರು’, ‘ಮುನ್ನೂರು’ ಇಡಿಯಾಗಿರಲಿ. ಮುಂದೆ ಸಂಖ್ಯೆ ಬಂದರೆ ‘ಇನ್ನೂರಾ’, ಅದೂ ಬೇರೆಯಾಗಿ ಬೇಕು.

ಹಾಸನದಲ್ಲಿ ವರ್ಷಗಟ್ಟಲೆ ಮೈಕಿನ ಮುಂದೆ ಕೂತವಳಾಗಿ ಹೇಳುತ್ತೇನೆ, ಜನ ಮರೆಯುವುದು ದನಿಯ ಏರಿಳಿತವನ್ನು. ಪಟ್ಟಿ ಹಿಡಿದು ಒಂದೊಂದೇ ಪದ ಓದಿದರೆ ಪ್ರತಿ ಪದದ ಕೊನೆಗೂ ದನಿ ಇಳಿಯುತ್ತದೆ. ಜೋಡಿಸಿದಾಗ ಮಾತು ಅಲ್ಲಲ್ಲೇ ಮುಗಿದಂತೆ ಕೇಳುತ್ತದೆ. ‘ತೂಕ ಇಪ್ಪತ್ತೆರಡು ಕಿಲೋ’ ಎಂದು ವಾಕ್ಯವಾಗಿಯೇ ಓದಿಸಿ, ಆಮೇಲೆ ಸಂಖ್ಯೆಯನ್ನು ಬಿಡಿಸಿಕೊಳ್ಳಿ. ದಿನವಿಡೀ ಹಣ್ಣು ಕೊಯ್ದವರ ಕೂಲಿ ಆ ದನಿಯ ಮೇಲೆ ನಿಂತಿದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದಿನಲ್ಲಿ ‘ಇಪ್ಪತ್ತು’, ‘ಎಪ್ಪತ್ತು’ ಒಂದೇ ಎನಿಸದಂತೆ ಮೊದಲ ಅಕ್ಷರವನ್ನು ಒತ್ತಿ ಹೇಳಿಸಿ.